ನೆಲವಿನ ಮೇಲಿನ ನಂಗು

ಸೊರಬಕ್ಕೂ ಸಮುದ್ರಕ್ಕೂ ನಡುವೆ ಘಟ್ಟವಿದೆ. ಆದರೂ ಎಪ್ಪತ್ತರ ದಶಕದಲ್ಲಿ, ನಾನು ಹುಡುಗನಾಗಿದ್ದಾಗ, ಮಳೆ ಹಿಡಿಯುವ ಮುಂಚಿನ ಸಂತೆಗೆ ಹೋದರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಕಡಲ ವಾಸನೆಯೇ. ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಬಂದ ಒಣಮೀನು ಹೆಡಿಗೆಗಳಲ್ಲಿ ತುಂಬಿರುತ್ತಿತ್ತು. ಬಂಗಡೆ, ಸೀಗಡಿ, ಪಕ್ಕದಲ್ಲಿ ತರಗೆಲೆ ಗುಡ್ಡೆ ಹಾಕಿದ ಹಾಗೆ ನಂಗು. ಕೊಂಕಣಿಯವರು ಅದನ್ನೇ ಲೆಪ್ಪೊ ಎನ್ನುತ್ತಾರೆ. ಎಂಟಾಣೆಗೆ ನೂರು ಎಣಿಸಿ, ಮೇಲೆ ನಾಲ್ಕು ಕೊಸರು ಹಾಕುತ್ತಿದ್ದರು. ಅಜ್ಜಿ ಕೊಸರು ಬೀಳುವವರೆಗೆ ಅಲ್ಲಾಡುತ್ತಿರಲಿಲ್ಲ.

ಗೇಣುದ್ದವೂ ಇಲ್ಲದ ಈ ಮೀನಿಗೆ ಎರಡು ಕಣ್ಣೂ ಒಂದೇ ಮಗ್ಗುಲಿಗೆ. ಯಾರೋ ತುಳಿದಿರಬೇಕು, ಅದಕ್ಕೇ ಕಣ್ಣು ಈಚೆ ಬಂದಿದೆ ಎಂದು ನಾನು ನಂಬಿದ್ದೆ. ಕೆರೆಬೇಟೆಯಲ್ಲಿ ಕೂಣಿಗೆ ಸಿಕ್ಕ ಮೀನನ್ನೆಲ್ಲ ತಿರುಗಿಸಿ ಆಚೆಯ ಕಣ್ಣು ಹುಡುಕಿದವನು ನಾನು. ಮರಿಯಾಗಿದ್ದಾಗ ನಂಗಿಗೂ ಎರಡು ಕಡೆ ಒಂದೊಂದು ಕಣ್ಣಿರುತ್ತದೆ, ಬೆಳೆಯುತ್ತ ಒಂದು ಕಣ್ಣು ತಲೆ ದಾಟಿ ಎಡಮಗ್ಗುಲಿಗೆ ಸರಿಯುತ್ತದೆ, ಆಮೇಲೆ ಅದು ಕಡಲ ತಳದಲ್ಲಿ ಮಲಗಿಯೇ ಬಾಳುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಓದಿ ಬೆರಗಾದೆ.

ಒಲೆಯ ಮೇಲೆ ನೆಲವು ತೂಗುತ್ತಿತ್ತು. ಅದರ ಗಡಿಗೆಯಲ್ಲಿ ನಂಗು, ಹೊಗೆ ಕುಡಿಯುತ್ತ ಆಷಾಢ ಕಳೆಯುತ್ತಿತ್ತು. ಮೊದಲ ಮಳೆಗೆ ಹತ್ತುಮೀನು ಸಿಕ್ಕರೆ ಸಿಕ್ಕಿತು, ಆಮೇಲೆ ಗತಿ ಗಡಿಗೆಯೇ. ಅಜ್ಜಿ ಕೆಂಡವನ್ನು ಈಚೆಗೆಳೆದು ನಂಗನ್ನು ಹರವುತ್ತಿದ್ದಳು. ಅಂಚು ಮೇಲಕ್ಕೆ ಸುರುಳಿ ತಿರುಗಿ, ಚಿಟಚಿಟ ಎಂದು ಹುರುಪೆ ಎದ್ದಾಗ ತೆಗೆದು ಬೂದಿ ಕೊಡವಿ, ತಲೆ ಮುರಿದು, ಸುಟ್ಟ ಒಣಮೆಣಸು, ಕಾಯಿ, ಈರುಳ್ಳಿ, ಒಂದು ಚೂರು ವಾಟೆಹುಳಿಯ ಜೊತೆ ಒರಳಿಗೆ ಹಾಕುತ್ತಿದ್ದಳು. ನುಣ್ಣಗಾಗಬಾರದು, ಹಲ್ಲಿಗೆ ಸಿಗಬೇಕು. "ಇಬ್ಬರಿಗೆ ಮೂರು ನಂಗು ತಮಾ, ಇನ್ನೂ ಗದ್ದೆ ನೆಟ್ಟಿ ಮುಗಿದಿಲ್ಲ" ಎಂದು ಬಿಸಿ ಅಕ್ಕಿರೊಟ್ಟಿಗೆ ಚಟ್ನಿ ಸವರುತ್ತಿದ್ದಳು. ಒಂದು ರಾತ್ರಿ ನಾನು ಮರದ ಮಣೆ ಏರಿ ಗಡಿಗೆಗೆ ಕೈ ಹಾಕಿ ಹಸಿಯಾಗಿಯೇ ಎರಡು ತಿಂದೆ. ಉಪ್ಪಿಗೆ ಬಾಯಿ ಒಡೆದು ಬೆಳಗಿನವರೆಗೆ ನೀರು ಕುಡಿದೆ. ಅಜ್ಜಿಗೆ ಲೆಕ್ಕ ಸಿಕ್ಕಿಹೋಗಿತ್ತು, ಬೈಯಲಿಲ್ಲ, ಮರುದಿನ ನನ್ನ ಪಾಲು ಕೊಡಲಿಲ್ಲ.

ಈಗ ಶಿಕಾರಿಪುರದ ಬೀದಿಗೆ ಐಸು ಹಾಕಿದ ಹಸಿಮೀನಿನ ಗಾಡಿ ಬರುತ್ತದೆ, ಒಣಮೀನಿಗೆ ಕಾಯುವ ಅಗತ್ಯ ಯಾರಿಗೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕಡಲಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನ ಮಾತ್ರ ನಂಗು ಮತ್ತೆ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ನೆಲವೂ ಇಲ್ಲ, ಕೆಂಡವೂ ಇಲ್ಲ, ಸೊಸೆ ಕಾವಲಿಯ ಮೇಲೆ ಹುರಿಯುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ. ಮೊನ್ನೆ 120 ರೂಪಾಯಿ ಕೊಟ್ಟು ಕಾಲು ಕೆಜಿ ಪೊಟ್ಟಣ ತಂದೆ. ಮನೆಗೆ ಬಂದು ಎಣಿಸಿದೆ. ಮೂವತ್ತೆಂಟು ಇದ್ದವು, ಕೊಸರು ಇರಲಿಲ್ಲ.