ಹಿಮದ ಮೇಲಣ ಪಂದ್ಯ



ಮಕ್ಕಳ ಆಟವೆಂಬುದು ಹೊತ್ತು ಕಳೆಯುವ ಸಾಧನವೆಂದೇ ಅನೇಕರು ಎಣಿಸುವರು. ಅದರಲ್ಲಿಯೂ ಕಂಪ್ಯೂಟರಿನ ಆಟವೆಂದರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆದಾಗ್ಯೂ ಅಂಥದೊಂದು ಹಳೆಯ ಆಟದಿಂದ ನನ್ನ ತಂಗಿಯ ಮಗಳಿಗೆ ಆದ ಉಪಕಾರವನ್ನು ತಮ್ಮಲ್ಲಿ ಅರಿಕೆಮಾಡಲು ಅಪೇಕ್ಷಿಸುತ್ತೇನೆ.

ಆ ಆಟದ ಹೆಸರು ‘ಟಕ್ಸ್ ರೇಸರ್’. ಕೆನಡಾ ದೇಶದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡುತ್ತಿದ್ದ ಜಾಸ್ಮಿನ್ ಪ್ಯಾಟ್ರಿ ಎಂಬವರು ತಮ್ಮ ಪಾಠದ ಅಂಗವಾಗಿ ಆರಂಭಿಸಿದ ಕಾರ್ಯದಿಂದ ಇದು ಹುಟ್ಟಿ, 2000ನೆಯ ಇಸವಿಯಲ್ಲಿ ಲೋಕದ ಕೈಸೇರಿತು. ಇದರ ಮೂಲ ಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ಅನುಮತಿಯೂ ಇದ್ದಿತು. 2002ರಲ್ಲಿ ಕ್ರಯಕ್ಕೆ ಮಾರುವ ಬೇರೊಂದು ಆವೃತ್ತಿ ಹೊರಟಿತು. ಆದರೂ ಮೊದಲಿನದು ಅಳಿಯಲಿಲ್ಲ. ಇತರರು ಅದನ್ನೇ ಎತ್ತಿಕೊಂಡು ಬೆಳೆಯಿಸಿದ್ದರಿಂದ ‘ಎಕ್ಸ್‌ಟ್ರೀಮ್ ಟಕ್ಸ್ ರೇಸರ್’ ಎಂಬುದು ಹುಟ್ಟಿತು.

ಇದರ ನಾಯಕನು ಟಕ್ಸ್ ಎಂಬ ಪೆಂಗ್ವಿನ್ ಪಕ್ಷಿ. 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬವರು ಲಿನಕ್ಸಿನ ಲಾಂಛನವಾಗಿ ಬರೆದ ಚಿತ್ರವೇ ಇದು. ಹೊಟ್ಟೆಯ ಮೇಲೆ ಜಾರುತ್ತ ಹಿಮದ ಬೆಟ್ಟವನ್ನಿಳಿಯುವುದು, ಮರಗಳಿಗೆ ತಾಗದೆ ತಿರುಗುವುದು, ದಾರಿಯಲ್ಲಿರುವ ಹೆರಿಂಗ್ ಮೀನುಗಳನ್ನು ಆರಿಸಿಕೊಳ್ಳುವುದು, ನೇಮಿಸಿದ ಕಾಲದೊಳಗೆ ಕೆಳಗೆ ಮುಟ್ಟುವುದು, ಇಷ್ಟೇ ಅದರ ಕೆಲಸ. ಮಂಜುಗಡ್ಡೆಯ ಮೇಲೆ ವೇಗ ಹೆಚ್ಚು, ಹಿಡಿತ ಕಡಿಮೆ. ಬಂಡೆಯ ನೆಲದಲ್ಲಿ ವೇಗ ಕುಂದುವುದು. ಪಕ್ಕದಲ್ಲಿ ಓಡುವ ಎದುರಾಳಿ ಯಾರೂ ಇಲ್ಲ.

ನಮ್ಮ ಹುಡುಗಿಗೆ ಬೇಕಾಗಿದ್ದುದೂ ಅದುವೇ. ಅವಳು ಹೊಸದಾಗಿ ಸೇರಿದ್ದ ಶಾಲೆಯೊಂದರಲ್ಲಿ ವಾರವಾರವೂ ಅಂಕಗಳನ್ನು ತರಗತಿಯ ಮುಂದೆ ಮೇಲಿನಿಂದ ಕೆಳಕ್ಕೆ ಓದಿಹೇಳುವ ಪದ್ಧತಿಯಿತ್ತು. ಅವಳ ಹೆಸರು ಯಾವಾಗಲೂ ಕಡೆಯಲ್ಲಿ ಬರುತ್ತಿತ್ತು. ಮೂರು ತಿಂಗಳೊಳಗಾಗಿ ಅವಳು ಮಾತು ಕಡಿಮೆಮಾಡಿದಳು. ಲೆಕ್ಕದ ಪುಸ್ತಕವನ್ನು ಕಂಡರೆ ಕಣ್ಣು ತುಂಬುತ್ತಿದ್ದಳು. ಶಾಲೆಯನ್ನೇ ಬಿಡಿಸುವ ಯೋಚನೆ ಅವಳ ತಾಯಿಗೆ ಬಂದಿತ್ತು.

ಸಂಜೆ ಅರ್ಧ ಗಂಟೆ ಈ ಆಟವಾಡಲು ಅವಳಿಗೆ ಅಪ್ಪಣೆಯಿತ್ತು. ಮೊದಲನೆಯ ಸುಲಭವಾದ ಇಳಿಜಾರಿನಲ್ಲಿ ತಾನು ತೆಗೆದುಕೊಂಡ ಕಾಲವನ್ನೂ ಹಿಡಿದ ಮೀನುಗಳನ್ನೂ ದಿನದಿನವೂ ಒಂದು ನೋಟುಬುಕ್ಕಿನಲ್ಲಿ ಬರೆದಿಡತೊಡಗಿದಳು. ಒಂದು ದಿನ ನನ್ನನ್ನು ಕರೆದು, “ದೊಡ್ಡಮ್ಮಾ, ನಿಧಾನವಾಗಿರುವಾಗ ರೆಕ್ಕೆ ಬಡಿದರೆ ಮುಂದಕ್ಕೆ ಹೋಗುತ್ತದೆ. ಜೋರಾಗಿ ಜಾರುವಾಗಲೂ ಬಡಿಯುತ್ತಿದ್ದರೆ ವೇಗ ಇಳಿಯುತ್ತದೆ ನೋಡಿ” ಎಂದಳು. ಅವಳ ಮಾತು ಸತ್ಯವೇ. ಗಂಟೆಗೆ 60 ಕಿಲೋಮೀಟರಿಗೆ ಮೀರಿದ ವೇಗದಲ್ಲಿ ರೆಕ್ಕೆ ಬಡಿಯುವುದು ಅಡ್ಡಿಯೇ ಆಗುವಂತೆ ಆ ಆಟವನ್ನು ರಚಿಸಿದ್ದಾರೆ. ಯಾರೂ ಹೇಳಿಕೊಡದೆ, ನೋಡಿ ನೋಡಿ ಇದನ್ನು ಅವಳೇ ಕಂಡುಹಿಡಿದಿದ್ದಳು.

ಅನಂತರ ಅದೇ ನೋಟುಬುಕ್ಕಿನ ಹಿಂಬದಿಯಲ್ಲಿ ಲೆಕ್ಕಗಳ ಪಟ್ಟಿ ಕಾಣಿಸಿಕೊಂಡಿತು: ನಿನ್ನೆ ಹತ್ತರಲ್ಲಿ ನಾಲ್ಕು ಸರಿ, ಇಂದು ಐದು. ವರ್ಷದ ಕೊನೆಗೆ ಅವಳು ತರಗತಿಗೆ ಮೊದಲಿಗಳೇನೂ ಆಗಲಿಲ್ಲ; ಉತ್ತೀರ್ಣಳಾದಳು, ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳತೊಡಗಿದಳು.

ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹೆಣ್ಣುಮಗಳು ಅಂಕದ ಪಟ್ಟಿಯೊಡನೆ ಮನೆಗೆ ಬಂದಾಗ, ಪಕ್ಕದ ಮನೆಯ ಹುಡುಗಿಗೆ ಎಷ್ಟು ಬಂದಿತೆಂದು ಕೇಳುವ ಮೊದಲು, ಇವಳಿಗೆ ಕಳೆದ ಸಲ ಎಷ್ಟು ಬಂದಿತ್ತೆಂಬುದನ್ನು ನೆನಪುಮಾಡಿಕೊಳ್ಳಿರಿ.