ಈ ಬಸ್ಸು ಎಲ್ಲಿಗೆ ಹೋಗುತ್ತದೆ?

ಮನುಷ್ಯನು ಮನುಷ್ಯನನ್ನು ಕೇಳುವ ಪ್ರಶ್ನೆಗಳಿಗೆಲ್ಲ ಬಹುಮಟ್ಟಿಗೆ ಒಂದಲ್ಲ ಒಂದು ಬಾಲವಿರುತ್ತದೆ. "ಸಂಬಳ ಎಷ್ಟು ಬರುತ್ತದೆ?" ಎಂದು ಕೇಳುವವರ ಮನೆಯಲ್ಲಿ ಮದುವೆಗೆ ಬಂದ ಮಗಳಿರಬಹುದು. "ಊಟವಾಯಿತೇ?" ಎಂದು ಕೇಳಿದವರು, ಆಗಲಿಲ್ಲವೆಂಬ ಉತ್ತರ ಬಂದರೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಹಿಂದೆ ಮುಂದೆ ಯಾವ ಲೆಕ್ಕಾಚಾರವೂ ಇಲ್ಲದ, ಕೇಳಿದವರಿಗೂ ಹೇಳಿದವರಿಗೂ ಮರುಗಳಿಗೆಯೇ ಋಣ ಹರಿದುಹೋಗುವ ಪ್ರಶ್ನೆ ನನಗೆ ತಿಳಿದಂತೆ ಒಂದೇ ಒಂದು: "ಈ ಬಸ್ಸು ಎಲ್ಲಿಗೆ ಹೋಗುತ್ತೆ?"

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಎಂಬತ್ತು ವರ್ಷಕ್ಕೂ ಮಿಕ್ಕಿದ ವಯಸ್ಸಾಗಿದೆ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ನಗರದಲ್ಲಿ ಬಸ್ಸುಗಳನ್ನು ಓಡಿಸತೊಡಗಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಕಂಪನಿ ಹೋಗಿ 'ಸರ್ವಿಸ್' ಬಂತು. ಬಿ.ಟಿ.ಎಸ್. ಎಂಬ ಮೂರಕ್ಷರಗಳಿಗೆ 'ಬಿಟ್ಟರೆ ತಿರುಗಿ ಸಿಗದು' ಎಂದು ಟೀಕೆ ಬರೆದವನು ಯಾರೋ ತಿಳಿಯದು. ನಮ್ಮ ಹಳೆಯ ಟೀಕಾಕಾರರಂತೆ ಅವನೂ ತನ್ನ ಹೆಸರನ್ನು ಹೇಳಿಕೊಳ್ಳದೆ ಹೋದ. 1997ರಲ್ಲಿ ನಗರದ ಬಸ್ಸುಗಳು ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯಿಂದ ಬೇರೆಯಾಗಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಪಾಲಿಗೆ ಬಂದುವು. ಒಡೆಯರು ಬದಲಾದರು, ಬಣ್ಣ ಬದಲಾಯಿತು, ಟಿಕೆಟ್ಟಿನ ದರವಂತೂ ಬದಲಾಗುತ್ತಲೇ ಬಂತು. ಬಸ್ ಸ್ಟಾಪಿನಲ್ಲಿ ನಿಂತವರ ಪ್ರಶ್ನೆ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವಿಭಕ್ತಿ ಪ್ರತ್ಯಯಗಳ ಪಾಠ ಬಂದಾಗ ಹುಡುಗರ ಮುಖ ಬಾಡುವುದನ್ನು ನೋಡಲಾರದೆ, ಅವರನ್ನು ಮಾತಿನಲ್ಲೇ ಬಸ್ ಸ್ಟಾಪಿಗೆ ಕರೆದುಕೊಂಡು ಹೋಗುವುದುಂಟು. ಬಸ್ಸು ಎಂಬುದು ಪ್ರಥಮಾ. ಬಸ್ಸನ್ನು ಹಿಡಿಯುವುದು ದ್ವಿತೀಯಾ. ಬಸ್ಸಿನಲ್ಲಿ ನಿಲ್ಲುವುದು ಸಪ್ತಮೀ. ಕುಳಿತುಕೊಳ್ಳುವುದೆಂದರೆ ಉದಾಹರಣೆ ಅಸಹಜವಾದೀತು. ಹಳಗನ್ನಡದಲ್ಲಿ ಪಂಚಮಿಗೆ ಕೇಶಿರಾಜ ಹೇಳುವ 'ಅತ್ತಣಿಂ' ಎಂಬ ಪ್ರತ್ಯಯವನ್ನು ಕೇಳಿ ಮುಸಿಮುಸಿ ನಗುವ ಹುಡುಗರು ಕೂಡ, 'ಮೆಜೆಸ್ಟಿಕ್ಕಿನತ್ತಣಿಂ ಬನ್ನೇರುಘಟ್ಟಕ್ಕೆ' ಎಂದರೆ ಥಟ್ಟನೆ ತಿಳಿದುಕೊಳ್ಳುತ್ತಾರೆ. ಎಲ್ಲಿಂದ, ಎಲ್ಲಿಗೆ, ಯಾವ ದಾರಿಯಿಂದ, ಎಲ್ಲಿ ಇಳಿಯಬೇಕು? ಪ್ರಯಾಣವೆಂಬುದೆಲ್ಲ ಕೊನೆಗೆ ಈ ನಾಲ್ಕಾರು ಪ್ರತ್ಯಯಗಳೇ.

ಇನ್ನು ಬಸ್ಸಿನ ಬೋರ್ಡನ್ನು ನೋಡಿ. ಎರಡು ಸ್ಥಳಗಳ ಹೆಸರು, ನಡುವೆ ಒಂದು ಗೀಟು ಇದ್ದರೆ ವ್ಯಾಕರಣ ಅರ್ಧಕ್ಕೆ ನಿಂತ ಹಾಗೆ. ಯಾವುದರ ಮುಂದೆ 'ಇಂದ', ಯಾವುದರ ಮುಂದೆ 'ಗೆ' ಎಂಬುದನ್ನು ನಾವು ರಸ್ತೆಯ ಯಾವ ಬದಿಗೆ ನಿಂತಿದ್ದೇವೆ ಎಂಬುದರ ಮೇಲೆ ಊಹಿಸಿಕೊಳ್ಳಬೇಕು. ಊರು ಬಲ್ಲವನಿಗೆ ಗೀಟು ಸಾಕು; ಹೊಸಬನಿಗೆ ಪ್ರತ್ಯಯವೇ ಬೇಕು. ಆ ಪ್ರತ್ಯಯವನ್ನು ಒದಗಿಸುವವನು ಪಕ್ಕದಲ್ಲಿ ನಿಂತ ಮನುಷ್ಯ.

ನಂಬರುಗಳ ವಿಷಯವೂ ಹೀಗೆಯೇ. 365 ಎಂದರೆ ಬನ್ನೇರುಘಟ್ಟ ರಸ್ತೆ, 356 ಎಂದರೆ ಹೊಸೂರು ರಸ್ತೆ, 335-ಇ ಎಂದರೆ ವೈಟ್‌ಫೀಲ್ಡಿನ ಕಡೆ, 500-ಡಿ ಎಂದರೆ ಹೊರ ವರ್ತುಲ ರಸ್ತೆ ಎಂಬುದು ದಿನವೂ ಓಡಾಡುವವರಿಗೆ ಮಗ್ಗಿಯ ಹಾಗೆ ಬಾಯಿಪಾಠ. ಆದರೆ ಕಡೆಯ ಎರಡಂಕಿ ಹಿಂದುಮುಂದಾದರೆ ಸಾಕು, ಬನ್ನೇರುಘಟ್ಟದ ಹುಲಿ ನೋಡಲು ಮಕ್ಕಳನ್ನು ಕಟ್ಟಿಕೊಂಡು ಹೊರಟವರು ಹೊಸೂರು ರಸ್ತೆಯ ಲಾರಿಗಳನ್ನು ನೋಡಿಕೊಂಡು ಹೋಗಬೇಕಾಗುತ್ತದೆ. ಅಂಕಿಯ ಪಕ್ಕದಲ್ಲಿ ಒಂದು ಅಕ್ಷರ ಅಂಟಿಕೊಂಡಿತೆಂದರೆ ದಾರಿ ಎಲ್ಲೋ ಒಂದು ಕಡೆ ಕವಲೊಡೆದಿದೆ ಎಂದು ತಿಳಿಯಬೇಕು. ಕಾಗುಣಿತದಲ್ಲಿ ಒಂದು ಕೊಂಬು ಬಿಟ್ಟುಹೋದರೆ ಪದದ ಅರ್ಥ ಕೆಡುತ್ತದೆ. ಇಲ್ಲಿ ಒಂದಕ್ಷರ ಬಿಟ್ಟುಹೋದರೆ ಬಡಾವಣೆಯೇ ಬೇರೆ.

ನಂಬರಾಯಿತು, ಸ್ಥಳದ ಹೆಸರಾದರೂ ಸರಳವೇ? ನಗರದ ದೊಡ್ಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಾಗದದ ಮೇಲೆ ಅದು ಕೆಂಪೇಗೌಡ ಬಸ್ ನಿಲ್ದಾಣ. ಜನ ಕೆರೆಯನ್ನೂ ಬಿಟ್ಟು, ಊರು ಕಟ್ಟಿದ ಪುಣ್ಯಾತ್ಮನನ್ನೂ ಬಿಟ್ಟು, ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರನ್ನು ಹಿಡಿದುಕೊಂಡರು. ಚಿತ್ರಮಂದಿರ ಹೋಯಿತು, ಮೆಜೆಸ್ಟಿಕ್ ಉಳಿಯಿತು. ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಬಸ್ಸಿನಲ್ಲಿ ಹೋಗುವವರ ಬಾಯಲ್ಲಿ ಇನ್ನೂ ವಿಲೀನವಾಗಿಲ್ಲ. "ಮೈಸೂರ್ ಬ್ಯಾಂಕ್ ಒಂದು ಕೊಡಿ" ಎಂದರೆ ಕಂಡಕ್ಟರು ಟಿಕೆಟ್ ಹರಿದು ಕೊಡುತ್ತಾರೆಯೇ ಹೊರತು, ಆ ಬ್ಯಾಂಕು ಈಗ ಇಲ್ಲವೆಂದು ಯಾರೂ ವಾದಿಸುವುದಿಲ್ಲ. ಇಂಥ ಹೆಸರುಗಳ ಜ್ಞಾನ ಬಾಯಿಂದ ಬಾಯಿಗೆ ಬರತಕ್ಕದ್ದು. ಜಾನಪದವೆಂದರೆ ಹಳ್ಳಿಯಲ್ಲಿ ಮಾತ್ರ ಸಿಗುವ ವಸ್ತುವೆಂದು ತಿಳಿದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ಒಂದು ದಿನ ನಗರದ ಬಸ್ಸಿನಲ್ಲಿ ಕಿವಿ ತೆರೆದುಕೊಂಡು ಕುಳಿತುಕೊಳ್ಳಿ.

ಕಿವಿ ತೆರೆದುಕೊಂಡು ಎಂದೆನಲ್ಲ, ಈಗಿನ ತೊಡಕು ಇರುವುದು ಅಲ್ಲಿಯೇ.

ಬಸ್ಸಿನ ಸಮಾಚಾರ ಈಗ ಕೈಯೊಳಗೆ ಬಂದಿದೆ. ಪ್ರತಿ ಬಸ್ಸಿನಲ್ಲೂ ಒಂದು ಪುಟ್ಟ ಪೆಟ್ಟಿಗೆ; ಅದು ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ; ಆ ಲೆಕ್ಕವನ್ನು ಮೊಬೈಲ್ ಫೋನಿನ ಜಾಲದ ಮೂಲಕ ನಿಯಂತ್ರಣ ಕೇಂದ್ರಕ್ಕೆ ಒಪ್ಪಿಸುತ್ತದೆ; ಅಲ್ಲಿಂದ ಅದು ನಮ್ಮ ಅಂಗೈಗೆ ಬರುತ್ತದೆ. ಬೆಂಗಳೂರಿನಲ್ಲಿ ಈ ವ್ಯವಸ್ಥೆ 2016ರಲ್ಲಿ ಬಂತು. 2023ರಲ್ಲಿ 'ನಮ್ಮ ಬಿಎಂಟಿಸಿ' ಎಂಬ ಆ್ಯಪ್ ಬಂತು. ಬಸ್ಸು ಐದು ನಿಮಿಷದಲ್ಲಿ ಬರುತ್ತದೆ ಎಂದು ಫೋನು ಹೇಳಿದರೆ ಅದು ಸುಳ್ಳಲ್ಲ. ನಡುವೆ ಸಿಲ್ಕ್ ಬೋರ್ಡ್ ಇದ್ದರೆ ಫೋನಾದರೂ ಏನು ಮಾಡೀತು! ನಾನು ಈ ಸೌಲಭ್ಯದ ವಿರೋಧಿಯಲ್ಲ. ಮಳೆಗಾಲದ ಸಂಜೆ, ಬರುವುದೋ ಬಾರದೋ ಎಂದು ಬಗ್ಗಿ ಬಗ್ಗಿ ರಸ್ತೆ ನೋಡುವ ಕಷ್ಟ ಅದರಿಂದ ಎಷ್ಟೋ ಕಡಿಮೆಯಾಗಿದೆ. ಆದರೆ ಬೋರ್ಡಿನ ಮೇಲೆ ಬರೆದದ್ದು ಓದಬಲ್ಲವರಿಗೆಲ್ಲ ಸೇರಿದ್ದು. ಕಂಡಕ್ಟರು ಕೂಗಿದ್ದು ಕೇಳಬಲ್ಲವರಿಗೆಲ್ಲ ಸೇರಿದ್ದು. ಫೋನಿನಲ್ಲಿ ಬಂದದ್ದು ಫೋನು ಹಿಡಿದವನಿಗೆ ಮಾತ್ರ ಸೇರಿದ್ದು. ತನ್ನ ಬಸ್ಸು ಎಲ್ಲಿದೆ ಎಂದು ಅವನಿಗೆ ಗೊತ್ತು. ಆದ್ದರಿಂದ ಅವನು ಯಾರನ್ನೂ ಕೇಳಬೇಕಾಗಿಲ್ಲ. ಕೇಳುವ ಅಗತ್ಯ ತಪ್ಪಿದವನಿಗೆ ಹೇಳುವ ಅಭ್ಯಾಸವೂ ಮೆಲ್ಲನೆ ತಪ್ಪುತ್ತದೆ.

ಕೇಳುವವರು ಕಡಿಮೆಯಾದರೇ ಎಂದರೆ, ಇಲ್ಲ. ಹೆಚ್ಚಾದರೆಂದೇ ನನ್ನ ಎಣಿಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುತ್ತಿದ್ದಾರೆ. ಮನೆ, ಮಾರುಕಟ್ಟೆ, ತವರು ಎಂಬ ಮೂರೇ ಸ್ಟಾಪುಗಳನ್ನು ಬಲ್ಲ ತಾಯಂದಿರು ಶೂನ್ಯ ಟಿಕೆಟ್ ಹಿಡಿದು ಊರು ನೋಡಲು ಹೊರಟಿರುವುದನ್ನು ಕಂಡಿದ್ದೇನೆ. ಟಿಕೆಟ್ಟನ್ನು ಸರ್ಕಾರ ಕೊಡಬಹುದು. 'ಎಲ್ಲಿಗೆ' ಎಂಬುದಕ್ಕೆ ಉತ್ತರವನ್ನು ಪಕ್ಕದವರೇ ಕೊಡಬೇಕು. ಕೈಚೀಲವನ್ನು ಎದೆಗೊತ್ತಿಕೊಂಡು, ಬರುವ ಬಸ್ಸಿನ ಮಿನುಗುವ ಬೋರ್ಡನ್ನು ಓದಲು ಕಣ್ಣು ಕಿರಿದು ಮಾಡಿ, ಕನ್ನಡದ ಅಕ್ಷರ ಹೋಗಿ ಇಂಗ್ಲಿಷಿನ ಅಕ್ಷರ ಬರುವಷ್ಟರಲ್ಲಿ ಕಂಗಾಲಾಗಿ, "ಏನಪ್ಪಾ, ಇದು ಶಿವಾಜಿನಗರಕ್ಕೆ ಹೋಗ್ತದಾ?" ಎಂದು ಕೇಳುವ ಅಜ್ಜಿಯನ್ನು ನೀವೂ ಕಂಡಿರುತ್ತೀರಿ.

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ ಬರುತ್ತಾಳೆ. ಬಸ್ಸು ಎಡಕ್ಕೆ ಹೊರಳಿದ್ದು, ಇಳಿಜಾರಿನಲ್ಲಿ ಜಾರಿದ್ದು, ಹೂವಿನಂಗಡಿಗಳ ಪರಿಮಳ ಬಂದದ್ದು ಎಲ್ಲವನ್ನೂ ಎಣಿಸಿಟ್ಟುಕೊಂಡು, ಇಳಿಯುವ ಜಾಗ ಬರುವ ಮೊದಲೇ ಎದ್ದು ನಿಲ್ಲುತ್ತಾಳೆ. ಅವಳ ಫೋನು ಅವಳಿಗೆ ಎಲ್ಲವನ್ನೂ ಓದಿ ಹೇಳುತ್ತದೆ. ಆದರೂ ಒಂದು ದಿನ ಕಿರುಪರೀಕ್ಷೆಗೆ ಅರ್ಧ ಗಂಟೆ ತಡವಾಗಿ ಬಂದಳು. ಅಂಥವಳಲ್ಲ, ಕಾರಣ ಕೇಳಿದೆ.

"ಬಸ್ಸು ಬರತ್ತೆ ಅಂತ ಫೋನ್ ಹೇಳತ್ತೆ ಸರ್. ಮೂರು ಬಸ್ಸು ಒಟ್ಟಿಗೆ ಬಂದ್ರೆ ನನ್ನದು ಯಾವುದು ಅಂತ ಅದು ಹೇಳಲ್ಲ" ಎಂದಳು. ಆಮೇಲೆ ನಗುತ್ತ, "ಹಳೇ ಬಸ್ಸುಗಳಾದ್ರೆ ದೂರದಿಂದಲೇ ಕೆಮ್ಮಿಕೊಂಡು ಬರ್ತಿದ್ವು. ಈ ಕರೆಂಟ್ ಬಸ್ಸು ಕಳ್ಳನ ಹಾಗೆ ಬಂದು ನಿಲ್ಲತ್ತೆ" ಎಂದು ಸೇರಿಸಿದಳು. 2021ರ ಕೊನೆಯಲ್ಲಿ ನಗರಕ್ಕೆ ವಿದ್ಯುತ್ ಬಸ್ಸುಗಳು ಬರತೊಡಗಿದಾಗ ಹೊಗೆಯಿಲ್ಲ, ಸದ್ದಿಲ್ಲ ಎಂದು ನಾವೆಲ್ಲ ಹಿಗ್ಗಿದ್ದೆವು. ಸದ್ದೂ ಒಬ್ಬರಿಗೆ ಬೋರ್ಡಾಗಿತ್ತು ಎಂಬುದು ನನಗೆ ಹೊಳೆದದ್ದು ಆ ಹೊತ್ತಿನಲ್ಲಿ.

"ಯಾರನ್ನಾದರೂ ಕೇಳಬಾರದಿತ್ತೇನಮ್ಮ?" ಎಂದೆ.

"ಕೇಳಿದೆ ಸರ್. ಇದು ಯಾವ ಬಸ್ಸು ಅಂತ ಎರಡು ಸಲ ಕೇಳಿದೆ. ಯಾರೂ ಮಾತಾಡಲಿಲ್ಲ. ಸ್ಟಾಪಲ್ಲಿ ನಾನೊಬ್ಬಳೇ ಇದೀನಿ ಅಂದ್ಕೊಂಡೆ. ಆಮೇಲೆ ಬಸ್ಸು ನಿಂತಾಗ ನೋಡಿದ್ರೆ, ನನ್ನ ಸುತ್ತಲಿಂದ ಅಷ್ಟೊಂದು ಜನ ಹತ್ತಿಕೊಂಡ್ರು."

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಆ ಜನ ಕೆಟ್ಟವರೂ ಅಲ್ಲ. ಅವರ ಕಿವಿಯಲ್ಲಿ ಹಾಡೋ ಹರಟೆಯೋ ಏನೋ ನಡೆಯುತ್ತಿದ್ದಿರಬೇಕು. ಹತ್ತು ಜನರ ನಡುವೆ ನಿಂತ ಒಂದು ಮಗು ತಾನೊಬ್ಬಳೇ ಎಂದುಕೊಂಡಿತಲ್ಲ ಎಂಬುದು ಮಾತ್ರ ನನ್ನನ್ನು ಆ ದಿನವೆಲ್ಲ ಕಾಡಿತು.

ಇದಕ್ಕೂ ಉಪಾಯ ಹುಡುಕಿದವರಿದ್ದಾರೆ. ದಿಲ್ಲಿಯ ಐಐಟಿಯವರು ಒಂದು ಸಾಧನ ಮಾಡಿದ್ದಾರೆ. ಕಣ್ಣು ಕಾಣದವರು ಕೈಯಲ್ಲಿರುವ ಗುಂಡಿಯನ್ನು ಒತ್ತಿದರೆ ಹತ್ತಿರ ಬಂದ ಬಸ್ಸುಗಳ ನಂಬರು ಕೇಳಿಸುತ್ತದೆ. ತಮಗೆ ಬೇಕಾದುದನ್ನು ಆರಿಸಿದರೆ ಆ ಬಸ್ಸಿನ ಬಾಗಿಲ ಬಳಿಯಿಂದಲೇ ದನಿ ಬರುತ್ತದೆ. ಅದನ್ನು ಹಿಡಿದು ನಡೆದರೆ ಬಾಗಿಲು. ಮೈಸೂರಿನ ನಗರ ಬಸ್ಸುಗಳಿಗೆ ಇಂಥ ಸಾಧನ ಬಂದಿದೆ. ಎಲ್ಲ ಊರಿಗೂ, ಎಲ್ಲ ಬಸ್ಸಿಗೂ ಬರಲಿ. ಅದು ಬರುವವರೆಗೆ, ಅದು ಬಂದ ಮೇಲೂ, ಖರ್ಚಿಲ್ಲದ ಇನ್ನೊಂದು ಸಾಧನ ನಮ್ಮೆಲ್ಲರ ಗಂಟಲಿನಲ್ಲಿದೆ.

ಹಿಂದೆ ಒಂದು ಮನೆಗೆ ಕಾಗದ ಬಂದರೆ ಓದು ಬಲ್ಲವನು ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಜಗಲಿಯ ಮೇಲಿದ್ದವರಿಗೂ ಒಳಗಿದ್ದವರಿಗೂ ಒಟ್ಟಿಗೆ ಕೇಳಿಸುತ್ತಿತ್ತು. ಬಸ್ಸಿನ ಬೋರ್ಡೂ ಊರಿಗೆಲ್ಲ ಬಂದ ಕಾಗದವೇ. ಕಂಡವರು ಗಟ್ಟಿಯಾಗಿ ಓದಿದರಾಯಿತು. ಅವರವರ ಫೋನು ಅವರವರ ಕೈಯಲ್ಲೇ ಇರಲಿ. ಒಂದು ಕಿವಿಯನ್ನು ಮಾತ್ರ ಊರಿಗೆ ಬಿಟ್ಟರೆ ಸಾಕು.

ನಾನು ಈಚೆಗೆ ಹೀಗೆ ಓದುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮೇಷ್ಟರ ಗಂಟಲು; ಕಡೆಯ ಬೆಂಚಿಗೆ ಕೇಳಿಸುವಂತೆ ಪಳಗಿದ್ದು. ಮೊದಮೊದಲು ಜನ ನನ್ನನ್ನು ಬಸ್ಸಿನ ಏಜೆಂಟನೆಂದೋ, ತಲೆ ಸ್ವಲ್ಪ ಸಡಿಲವೆಂದೋ ತಿಳಿದು ನೋಡುತ್ತಿದ್ದರು. ಮೊನ್ನೆ ಕಾರ್ಪೊರೇಷನ್ ಸ್ಟಾಪಿನಲ್ಲಿ ಬಸ್ಸೊಂದು ಬಂದಾಗ, "365, ಬನ್ನೇರುಘಟ್ಟಕ್ಕೆ" ಎಂದು ಓದಿದೆ. ಗಂಟು ಹೊತ್ತ ಮುದುಕಿಯೊಬ್ಬಳು ಹತ್ತಲೋ ಬೇಡವೋ ಎಂದು ಹಿಂದುಮುಂದು ನೋಡುತ್ತಿದ್ದಳು. ನನ್ನ ಹಿಂದೆ ನಿಂತ ಯುವಕನೊಬ್ಬ ಕಿವಿಯಲ್ಲಿದ್ದುದನ್ನು ತೆಗೆದು, "ಡೈರಿ ಸರ್ಕಲಲ್ಲಿ ನಿಲ್ಲುತ್ತೆ, ಹತ್ತಿ ಅಮ್ಮಾ" ಎಂದ.

ಚತುರ್ಥಿಯನ್ನು ನಾನು ಹೇಳಿದ್ದೆ. ಸಪ್ತಮಿಯನ್ನು ಅವನು ಸೇರಿಸಿದ. ಮುದುಕಿ ಬಸ್ಸು ಹತ್ತಿದಳು.