ಬಿಳಿ ನಾಯಿಯ ಕಂದು ಕಣ್ಣೀರು

ಬಿಳಿಯ ಧೋತರ ಉಡುವವರ ಕಷ್ಟ ಬಿಳಿಯ ನಾಯಿ ಸಾಕಿದವರಿಗೂ ಗೊತ್ತು. ಕರಿಯ ನಾಯಿ ಕೆಸರಿನಲ್ಲಿ ಹೊರಳಿ ಬಂದರೂ ಮರ್ಯಾದಸ್ಥನಂತೆ ಕಾಣುತ್ತದೆ. ಬಿಳಿಯದು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರೂ, ಕಣ್ಣಿನ ಒಳತುದಿಯಿಂದ ಮೂಗಿನ ಬದಿಗೆ ಇಳಿದ ಕಂದು ಗೆರೆಯೊಂದು ಸಾಕು, ಮನೆಯವರ ಮಾನ ಕಳೆಯಲಿಕ್ಕೆ. ಬಂದ ಅತಿಥಿಗಳು ಮೊದಲು ನಾಯಿಯ ಮುಖ ನೋಡುತ್ತಾರೆ, ಆಮೇಲೆ ಯಜಮಾನರ ಮುಖ ನೋಡುತ್ತಾರೆ. ‘ಏನು ಮಾಡಿದಿರಿ ಈ ಬಡಪಾಯಿಗೆ?’ ಎಂಬ ಪ್ರಶ್ನೆ ಆ ನೋಟದಲ್ಲಿರುತ್ತದೆ.

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮುತ್ತು ಎಂಬ ನಾಯಿ ಸೇರಿಕೊಂಡು ನಾಲ್ಕು ವರ್ಷಗಳಾದವು. ಇಂಥ ನಾಯಿಯನ್ನು ನೆರೆಹೊರೆಯವರೆಲ್ಲ ಪಾಮೇರಿಯನ್ ಎನ್ನುತ್ತಾರೆ. ನಮ್ಮ ದೇಶದ ಸೆಕೆಗೆ ಒಗ್ಗಿಕೊಂಡ ಇದರ ಸರಿಯಾದ ಹೆಸರು ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿಯನ್ನು ನೋಡಿದವರಿಗೆ ಇದರ ರೂಪವನ್ನು ವರ್ಣಿಸಬೇಕಾಗಿಲ್ಲ. ಟಫಿಯ ಮುಖವೇನೋ ಸ್ವಚ್ಛವಾಗಿತ್ತು. ಸಿನಿಮಾದವರ ಕೈಯಲ್ಲಿ ಏನಾಗದು!

ಕಲೆಗಳಿಂದ ನಮಗೆ ಅಷ್ಟೇನೂ ಚಿಂತೆಯಾಗಿರಲಿಲ್ಲ. ಚಿಂತೆ ಶುರುವಾದದ್ದು ನಮ್ಮ ತಾಯಿಯವರು ಬಂದ ಮೇಲೆ. ತಂದೆಯವರು ತೀರಿಕೊಂಡ ಬಳಿಕ ಅವರು ಧಾರವಾಡದ ಮನೆಗೆ ಬೀಗ ಹಾಕಿ ನಮ್ಮೊಡನೆ ಇರಲು ಬಂದರು. ಬಂದ ಎರಡನೆಯ ದಿನವೇ ಮುತ್ತುವನ್ನು ದಿಟ್ಟಿಸಿ, ‘ಈ ನಾಯಿ ಯಾವಾಗಲೂ ಅಳತಿರ್ತದಲ್ಲೋ. ಊರು ಬಿಟ್ಟು ಬಂದದ್ದಕ್ಕ ಕಣ್ಣೀರು ಹಾಕತದ. ಮನ್ಯಾಗ ಪ್ರಾಣಿ ಅತ್ತರ ಛಲೋ ಅಲ್ಲ. ಸುಮ್ಮನ ಅದರ ಊರಿಗೆ ಕಳಿಸಿಬಿಡು’ ಎಂದರು.

ಮುತ್ತುವಿನ ಊರು ಕಲ್ಯಾಣ. ಲೋಕಲ್ ಗಾಡಿಯಲ್ಲಿ ಹೋದರೆ ನಡುವೆ ಬರುವುದು ಠಾಕುರ್ಲಿ ಒಂದೇ ನಿಲ್ದಾಣ. ಇಷ್ಟು ದೂರಕ್ಕೆ ಯಾವ ನಾಯಿಯಾದರೂ ಊರು ನೆನೆದು ಅತ್ತೀತೆ? ಆದರೆ ಈ ಮಾತನ್ನು ತಾಯಿಯವರ ಎದುರಿಗೆ ಆಡಲು ನಮಗೆ ಬಾಯಿ ಬರಲಿಲ್ಲ. ಪಕ್ಕದ ಮನೆಯ ಮರಾಠಿ ಕಾಕೂ ಕೂಡ ಅದೇ ವಾರ ಬಾಗಿಲಲ್ಲಿ ನಿಂತು, ‘ಅಹೋ, ಹಾ ಸಾರಖಾ ರಡತೋ ಕಾ?’ ಎಂದು ಕೇಳಿದರು. ಎರಡು ಭಾಷೆಯ ಹಿರಿಯರು ಒಂದೇ ಮಾತು ಹೇಳಿದ ಮೇಲೆ ಮನೆಯಲ್ಲಿ ಅದಕ್ಕೆ ಅಪೀಲಿಲ್ಲ. ನಮ್ಮ ಮಗಳು ಮಾತ್ರ ನಾಯಿಯನ್ನು ಅಪ್ಪಿಕೊಂಡು ಮಂಚದ ಕೆಳಗೆ ಸೇರಿದಳು.

ಉಪಾಯ ಹೇಳುವವರಿಗೆ ನಮ್ಮ ಊರಿನಲ್ಲಿ ಬರಗಾಲವಿಲ್ಲ. ಕಚೇರಿಯ ಗೆಳೆಯರೊಬ್ಬರು ನಿಂಬೆಹಣ್ಣಿನ ರಸ ಹಚ್ಚಲು ಹೇಳಿದರು. ತಮ್ಮ ಕಣ್ಣಿನ ಹತ್ತಿರ ಒಮ್ಮೆ ಹಚ್ಚಿ ನೋಡಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ. ಬೆಳ್ಳಗಾಗಿಸುವ ಪೆರಾಕ್ಸೈಡಿನ ಹೆಸರನ್ನೂ ಒಬ್ಬರು ಎತ್ತಿದರು. ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರವೇ ಸುಟ್ಟೀತು. ನಲ್ಲಿ ನೀರು ಬಿಟ್ಟು ಬಾಟಲಿ ನೀರು ಕುಡಿಸಿ ಎಂದವರೂ ಉಂಟು. ಎಲ್ಲಕ್ಕೂ ಕಾರಖಾನೆಗಳೇ ಕಾರಣ ಎಂಬವರ ಪಕ್ಷವಂತೂ ದೊಡ್ಡದು. ಅವರನ್ನು ತಪ್ಪೆನ್ನುವಂತಿಲ್ಲ. 2014ರಲ್ಲಿ ಹಸಿರು ಮಳೆ ಬಿದ್ದ, 2020ರಲ್ಲಿ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ ಊರು ನಮ್ಮದು. ಇಂಥಲ್ಲಿ ನಾಯಿಯ ಕಣ್ಣೀರು ಕಂದಾದರೆ ಯಾರಿಗೆ ಆಶ್ಚರ್ಯ?

ಸ್ಟೇಷನ್ನಿನ ಹತ್ತಿರದ ಅಂಗಡಿಯವನು ಆಹಾರದಲ್ಲಿ ಬೆರೆಸುವ ಪುಡಿಯ ಡಬ್ಬಿಯೊಂದನ್ನು ತೋರಿಸಿದ. ಮೂರು ವಾರದಲ್ಲಿ ಮುಖ ಹಾಲಿನಂತಾಗುವುದೆಂದ. ನಮ್ಮ ಮನೆಯವರಿಗೆ ಯಾವ ಡಬ್ಬಿಯನ್ನೇ ಆಗಲಿ ಸಣ್ಣ ಅಕ್ಷರ ಓದದೆ ಕೊಳ್ಳುವ ರೂಢಿಯಿಲ್ಲ. ಅವರು ಕನ್ನಡಕ ಏರಿಸಿ ಓದಿ, ‘ಟೈಲೋಸಿನ್ ಅಂದರೆ ಏನು?’ ಎಂದು ಕೇಳಿದರು. ಅಂಗಡಿಯವನಿಗೆ ಗೊತ್ತಿರಲಿಲ್ಲ. ನಮ್ಮ ಬಿ.ಎ. ಪದವಿಯೂ ಅಲ್ಲಿ ನೆರವಿಗೆ ಬರಲಿಲ್ಲ. ಡಬ್ಬಿ ಅಂಗಡಿಯಲ್ಲೇ ಉಳಿಯಿತು. ತಿಂಗಳ ಕೊನೆಯ ವಾರವೂ ಆಗಿತ್ತೆಂಬುದು ಬೇರೆ ಮಾತು.

ಆ ಭಾನುವಾರ ಮಗಳೇ ಒಂದು ಸಂಗತಿ ಕಂಡುಹಿಡಿದಳು. ಎಡಗಣ್ಣಿನ ಕಲೆ ಒಣಗಿದ್ದರೆ ಬಲಗಣ್ಣಿನದು ಸದಾ ಒದ್ದೆ. ಮೂಸಿ ನೋಡಿದರೆ ಹುಳಿವಾಸನೆ. ಮುತ್ತು ಆ ಕಣ್ಣನ್ನು ಆಗಾಗ ಕಿರಿದು ಮಾಡುತ್ತಲೂ ಇತ್ತು. ಗಾಳಿಯ ದೋಷವಾದರೆ ಎರಡೂ ಕಣ್ಣಿಗೆ ಆಗಬೇಕಲ್ಲ? ಸಂಜೆಯೇ ರಿಕ್ಷಾ ಮಾಡಿ ಪಶುವೈದ್ಯರಲ್ಲಿಗೆ ಹೊರಟೆವು. ತಾಯಿಯವರು ತಾವಾಗಿಯೇ ಸೀರೆ ಬದಲಿಸಿ ಬಂದು ರಿಕ್ಷಾದಲ್ಲಿ ಕುಳಿತರು.

ಡಾಕ್ಟರಬಾಯಿಯವರು ಮೊದಲು ಕಲೆಯನ್ನು ನೋಡಲೇ ಇಲ್ಲ, ಕಣ್ಣು ನೋಡಿದರು. ರೆಪ್ಪೆ ಒಳಕ್ಕೆ ಮಡಚಿಕೊಂಡಿದೆಯೆ, ಕೂದಲು ಚುಚ್ಚುತ್ತಿದೆಯೆ ಎಂದು ಪರೀಕ್ಷಿಸಿದರು. ಆಮೇಲೆ ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯನ್ನು ಹನಿ ನೀರಿನಲ್ಲಿ ನೆನೆಸಿ ಎರಡೂ ಕಣ್ಣಿಗೆ ತಾಕಿಸಿದರು. ಫ್ಲೋರೆಸಿನ್ ಎಂಬ ಬಣ್ಣವಂತೆ. ಕಣ್ಣಿನ ಕರಿಗುಡ್ಡೆಯ ಮೇಲೆ ಗಾಯವಿದ್ದರೆ ಅದು ಅಲ್ಲಿ ಹಸಿರಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟದಿರಲಿ ಎಂದು ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು. ಅಂಥ ಗಾಯವನ್ನು ಕಡೆಗಣಿಸಿದರೆ ಕಣ್ಣೇ ಹೋಗಬಹುದೆಂದು ಅವರು ಮೊದಲೇ ಹೇಳಿದ್ದರು. ಅಂಟಲಿಲ್ಲ. ‘ಈಗ ಮೂಗು ನೋಡುತ್ತಿರಿ’ ಎಂದರು. ಕೆಲವು ನಿಮಿಷಗಳಲ್ಲಿ ಎಡ ಹೊಳ್ಳೆಯಲ್ಲಿ ಹಸಿರು ಹನಿ ಕಾಣಿಸಿತು. ಬಲ ಹೊಳ್ಳೆ ಒಣಗಿಯೇ ಇತ್ತು.

ಕಣ್ಣೀರು ಅತ್ತಾಗ ಮಾತ್ರ ಹುಟ್ಟುವಂಥದಲ್ಲ. ಕಣ್ಣು ಒಣಗದಿರಲೆಂದು ಹಗಲೂ ರಾತ್ರಿ ಜಿನುಗುತ್ತಲೇ ಇರುತ್ತದೆ. ಕಣ್ಣಿನ ಒಳತುದಿಯಲ್ಲಿ ಸೂಜಿಮೊನೆಯಂಥ ರಂಧ್ರಗಳಿವೆ. ಅಲ್ಲಿಂದ ಒಂದು ನಾಳ ಮೂಗಿಗೆ ಹೋಗುತ್ತದೆ. ಆ ನಾಳ ಕಟ್ಟಿಕೊಂಡರೆ, ಇಲ್ಲವೆ ಕಣ್ಣಿಗೆ ಉರಿಯಾಗಿ ನೀರೇ ಹೆಚ್ಚು ಹುಟ್ಟಿದರೆ, ಮಿಕ್ಕದ್ದು ಕೆನ್ನೆಗೆ ಇಳಿಯುತ್ತದೆ. ಕಂದು ಬಣ್ಣ ಬರುವುದು ಪೋರ್ಫಿರಿನ್ ಎಂಬ ಪದಾರ್ಥದಿಂದ. ರಕ್ತದ ಕೆಂಪು ಕಣಗಳು ಹಳತಾಗಿ ಒಡೆಯುವಾಗ ಉಳಿಯುವ ಇದು ಬಹಳ ಮಟ್ಟಿಗೆ ಮಲದಲ್ಲಿ ಹೋಗುತ್ತದೆ, ನಾಯಿಗಳಲ್ಲಿ ಕಣ್ಣೀರು, ಜೊಲ್ಲುಗಳಲ್ಲಿಯೂ ಹೊರಬೀಳುತ್ತದೆ. ಬಿಳಿ ನಾಯಿ ಪಾದ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಳ್ಳುವುದೂ ಇದರಿಂದಲೇ. ಕರಿಯ ನಾಯಿಗೂ ಇದುಂಟು, ಕಾಣುವುದಿಲ್ಲ ಅಷ್ಟೆ. ಅಂದಮೇಲೆ ಬಣ್ಣ ನಾಯಿಯ ಮೈಯಿಂದಲೇ ಬಂದದ್ದು, ನಲ್ಲಿಯಿಂದಲ್ಲ. ಬಾಟಲಿ ನೀರಿನ ಖರ್ಚು ಉಳಿಯಿತು.

ಇಷ್ಟೆಲ್ಲವನ್ನೂ ಕನ್ನಡದಲ್ಲಿ ತಾಯಿಯವರಿಗೆ ವಿವರಿಸಿದೆವು. ಅವರು ಒಂದೇ ಮಾತಿನಲ್ಲಿ ಮುಗಿಸಿದರು: ‘ಬಚ್ಚಲಮೋರಿ ಕಟ್ಟೇದ ಅನ್ನು.’

ಮೋರಿಯನ್ನು ಡಾಕ್ಟರಬಾಯಿಯವರು ಮರುದಿನ ತೆರೆದರು. ಮುತ್ತುವಿಗೆ ಮಂಪರಿನ ಔಷಧಿ ಕೊಟ್ಟು, ಕೂದಲೆಳೆಯಂಥ ನಳಿಗೆಯಿಂದ ಸಲೈನ್ ನೀರು ಹಾಯಿಸಿದಾಗ ಗಟ್ಟಿಯಾದ ಲೋಳೆಯ ಎಳೆಯೊಂದು ಮೂಗಿನಿಂದ ಹೊರಬಂತು. ಒದ್ದೆ ಕೂದಲಿನಲ್ಲಿ ಬೆಳೆದ ಬೂಷ್ಟಿನಂಥ ಸೂಕ್ಷ್ಮಜೀವಿಯೇ ಆ ಹುಳಿವಾಸನೆಗೆ ಕಾರಣವಂತೆ.

ಟೈಲೋಸಿನ್ ವಿಷಯವನ್ನೂ ಕೇಳಿಕೊಂಡೆವು. ಅದು ಕೋಳಿ, ಹಂದಿಗಳ ರೋಗಕ್ಕೆ ಬಳಸುವ ಆಂಟಿಬಯೋಟಿಕ್. ನಾಯಿಯ ಕಣ್ಣೀರಿನ ಕಲೆಗೆ ಅದಕ್ಕೆ ಅನುಮತಿ ಇಲ್ಲವೆಂದು ಅಮೇರಿಕದ ಔಷಧ ನಿಯಂತ್ರಣ ಇಲಾಖೆಯವರು 2014ರಲ್ಲಿ ಇಂಥ ಪುಡಿಗಳ ತಯಾರಕರಿಗೆ ಎಚ್ಚರಿಕೆಯ ಪತ್ರಗಳನ್ನು ಕಳುಹಿಸಿದ್ದರು. ಬರಿಯ ಅಂದಕ್ಕಾಗಿ ತಿಂಗಳುಗಟ್ಟಲೆ ಆಂಟಿಬಯೋಟಿಕ್ ತಿನ್ನಿಸಿದರೆ ಕ್ರಿಮಿಗಳು ಅದಕ್ಕೆ ಒಗ್ಗಿಹೋಗುತ್ತವೆ. ನಿಜವಾದ ಕಾಯಿಲೆ ಬಂದ ದಿನ ಔಷಧಿ ಕೈಕೊಡುತ್ತದೆ. ಮೇಲಾಗಿ ಆ ಪುಡಿಯಿಂದ ಬಣ್ಣ ಮಾಯವಾಗಿದ್ದರೆ ಮುತ್ತುವಿನ ಬಲಗಣ್ಣಿನ ನಾಳವನ್ನು ಯಾರು ನೋಡುತ್ತಿದ್ದರು? ಮನುಷ್ಯರ ಕಣ್ಣಿನ ಹನಿಗಳನ್ನೂ ಹಾಕಕೂಡದೆಂದರು. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಕಣ್ಣಿನಲ್ಲಿ ಗಾಯವಿದ್ದರೆ ಅದು ಗಾಯವನ್ನು ಇನ್ನಷ್ಟು ಕೆಡಿಸುತ್ತದೆ.

ನವಿ ಮುಂಬಯಿಯ ನೇರೂಳಿನಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ಪಗ್ ಜಾತಿಯ ನಾಯಿಯಿದೆ. ಅದರ ಕಥೆ ಬೇರೆ. ಮುಖ ಚಪ್ಪಟೆ, ಕಣ್ಣುಗೂಡು ಆಳವಿಲ್ಲ, ನಾಳ ಸೊಟ್ಟ. ಅದಕ್ಕೆ ಒರೆಸುವುದೇ ಜೀವನಪರ್ಯಂತದ ಔಷಧಿ. ಉದ್ದ ಮೂತಿಯ ನಮ್ಮ ಮುಧೋಳದ ನಾಯಿಗೆ ಈ ತಾಪತ್ರಯ ಅಪರೂಪ, ಆದರೆ ಅದನ್ನು ಡೊಂಬಿವಲಿಯ ಎರಡು ಕೋಣೆಯಲ್ಲಿ ಓಡಿಸುವುದೆಲ್ಲಿ? ಕಣ್ಣು ಫಕ್ಕನೆ ಕೆಂಪಾದರೆ, ನೀಲಿಯಾಗಿ ಮಬ್ಬಾದರೆ, ಹಳದಿ ಹಸಿರು ಪಿಸರು ಬಂದರೆ ಮಾತ್ರ ಯಾವ ಜಾತಿಯ ನಾಯಿಯೇ ಆಗಲಿ ಅಂದೇ ತೋರಿಸಬೇಕು. ದೊಡ್ಡ ತಪಾಸಣೆ ಬೇಕಾದವರಿಗೆ ಪರೇಲಿನಲ್ಲಿ 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯ ಕಾಲೇಜೂ ಅದರ ಮಗ್ಗುಲಲ್ಲೇ ಬಾಯಿ ಸಕರಬಾಯಿ ದಿನಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಇವೆ.

ಹಾಗಾದರೆ ನಾಯಿ ಅಳುವುದೇ ಇಲ್ಲವೆ? ದುಃಖಕ್ಕೆ ನಮ್ಮಂತೆ ಕಣ್ಣೀರು ಸುರಿಸುವುದಿಲ್ಲವೆಂದೇ ಬಲ್ಲವರ ಮತ. ಆದರೆ 2022ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಪ್ರಕಟಿಸಿದರು. ಗಂಟೆಗಟ್ಟಲೆ ಅಗಲಿದ್ದ ಯಜಮಾನ ಮರಳಿ ಬಂದಾಗ ನಾಯಿಯ ಕಣ್ಣಿನಲ್ಲಿ ನೀರು ಹೆಚ್ಚಾಯಿತಂತೆ. ಪರಿಚಯದ ಬೇರೆಯವರು ಬಂದಾಗ ಹಾಗಾಗಲಿಲ್ಲ. ಕಾಗದದ ಪಟ್ಟಿಯಿಂದ ಅಳೆದ ಲೆಕ್ಕ ಇದು. ಕೆನ್ನೆಗೆ ಇಳಿಯುವಷ್ಟೇನೂ ಅಲ್ಲ. ಇದನ್ನು ಹೇಳಿದಾಗ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅದಕ್ಕ ಕಣ್ಣೀರು ಬರೂದು ಭೇಟ್ಯಾದಾಗ ಅನ್ನು, ಬಿಟ್ಟುಹೋದಾಗ ಅಲ್ಲ’ ಎಂದರು. ಊರಿಗೆ ಕಳಿಸುವ ಮಾತು ಆಮೇಲೆ ಏಳಲಿಲ್ಲ.

ಒರೆಸುವ ಕೆಲಸ ಈಗ ಅವರದೇ. ನಾವು 7-40ರ ಲೋಕಲ್ಲಿಗೆ ಓಡುವ ಹೊತ್ತಿನಲ್ಲಿ ಅವರು ಕಾಯಿಸಿ ಆರಿಸಿದ ನೀರು, ಹಳೆಯ ಸೀರೆಯ ಮೆತ್ತನೆಯ ತುಂಡು ಹಿಡಿದು ಕುಳಿತಿರುತ್ತಾರೆ. ಪ್ರತಿ ಕಣ್ಣಿಗೂ ಬೇರೆ ತುಂಡು. ಒಳತುದಿಯಿಂದ ಕೆಳಕ್ಕೆ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಒತ್ತುವುದು. ಒದ್ದೆ ಬಿಟ್ಟರೆ ಒರೆಸಿದ್ದು ವ್ಯರ್ಥ. ಅಷ್ಟು ಹೊತ್ತೂ ಧಾರವಾಡದ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿರುತ್ತಾರೆ, ಅದೂ ಕೇಳುತ್ತದೆ. ಕಣ್ಣಿನ ಹತ್ತಿರದ ಕೂದಲನ್ನು ತಿಂಗಳಿಗೊಮ್ಮೆ ಡಾಕ್ಟರಬಾಯಿಯವರೇ ಕತ್ತರಿಸುತ್ತಾರೆ. ಅಲುಗಾಡುವ ನಾಯಿಯ ಕಣ್ಣಿನ ಬಳಿ ಕತ್ತರಿ ಹಿಡಿಯಲು ನಮಗೆ ಧೈರ್ಯವಿಲ್ಲ. ಒಮ್ಮೆ ಕಂದಾದ ಕೂದಲು ಮತ್ತೆ ಬೆಳ್ಳಗಾಗುವುದಿಲ್ಲ, ಹೊಸದು ಹುಟ್ಟಿ ಹಳೆಯದನ್ನು ಕತ್ತರಿಸುವವರೆಗೆ ಕಾಯಬೇಕು ಎಂದಿದ್ದಾರೆ. ಬಲಗಣ್ಣಿನ ಕೆಳಗೆ ಈಗ ಕಿರುಬೆರಳಿನ ಅಗಲದಷ್ಟು ಬಿಳಿ ಬಂದಿದೆ. ಎಡಗಣ್ಣಿನದು ಇನ್ನೂ ಚಹದ ಬಣ್ಣವೇ.